ನಮ್ಮ ಕಡಪ ಕಲ್ಲಿನ ಕಟ್ಟೆ ಹಾಳು ಮಾಡಿ ಹೋದ ಪೇಂಟರ್

ಇವತ್ತು ಬೆಳಿಗ್ಗೆ ಅಕ್ಕಿ ರೊಟ್ಟಿ ಹಿಟ್ಟನ್ನು ಅಡುಗೆ ಕಟ್ಟೆ ಮೇಲೇ ನಾದುತ್ತಿದ್ದೆ. ಉಂಡೆ ಎತ್ತಿದರೆ ಅದರ ತಳಕ್ಕೆ ಅಂಗೈ ಅಗಲದ ಬಿಳಿ ಪೊರೆ ಅಂಟಿಕೊಂಡು ಬಂತು, ಹಾಲಿನ ಕೆನೆ ಎದ್ದು ಬರುತ್ತಲ್ಲ ಹಾಗೆ. ಕೆಳಗೆ ನಮ್ಮ ಹಳೆಯ ಕಡಪ ಕಲ್ಲು ಕಪ್ಪಗೆ ಕಾಣಿಸಿತು. ಅಷ್ಟೂ ಹಿಟ್ಟನ್ನು ಕಸಕ್ಕೆ ಹಾಕಿದೆ. ಆ ಪೇಂಟ್ ಚೂರು ಮಕ್ಕಳ ಹೊಟ್ಟೆಗೆ ಹೋಗಿದ್ದರೆ ಏನು ಗತಿ?

ಆ ಕಲ್ಲಿನ ಮೇಲೆ ಮಾರ್ಬಲ್ ಫಿನಿಶ್, ಅಂದರೆ ಮಾರ್ಬಲ್ ಥರ ಕಾಣುವ ಪೇಂಟ್, ಮಾಡಿಸಿ ಇನ್ನೂ 5 ವಾರ ಆಗಿಲ್ಲ. 9,000 ರೂಪಾಯಿ ಕೊಟ್ಟಾಗಿದೆ.

"ಕಲ್ಲು ಕೀಳಿಸೋದು ಯಾಕಕ್ಕಾ, ಅದರ ಮೇಲೇ ಮಾಡ್ಕೊಡ್ತೀನಿ, ಹತ್ತು ವರ್ಷ ಅಲ್ಲಾಡಲ್ಲ" ಅಂದಿದ್ದ ಪೇಂಟರ್. ಬಂದು ಮಾಡಿದ್ದೇನು? ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ, ನೇರ ಬಿಳಿ ಬಳಿದ. ಪಾಲಿಶ್ ಆದ ಕಡಪ ಗಾಜಿನಷ್ಟು ನುಣುಪು. ಅದರ ಮೇಲೆ ಇಷ್ಟು ವರ್ಷದ ಎಣ್ಣೆ ಜಿಡ್ಡು ಬೇರೆ. ಮೊದಲು ಜಿಡ್ಡು ತೊಳೆಯಬೇಕು, ಎಮೆರಿ ಪೇಪರ್ ಹಾಕಿ ತರಿತರಿ ಮಾಡಬೇಕು, ಪ್ರೈಮರ್ ಹೊಡೆಯಬೇಕು. ಇಲ್ಲದಿದ್ದರೆ ಪೇಂಟ್ ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು? ನಾನು ಕೇಳಿದೆ ಕೂಡ. "ಈಗಿನ ಪೇಂಟಿಗೆ ಅದೆಲ್ಲ ಬೇಡಕ್ಕಾ" ಅಂದುಬಿಟ್ಟ.

ಗೆರೆ ಎಳೆಯುವಾಗ ಮಾತ್ರ ಫೋನ್ ನಿಲ್ಲಿಸಿಕೊಂಡು ವಿಡಿಯೋ ಮಾಡಿಕೊಂಡ. ಆ ಗೆರೆಯಾದರೂ ನೆಟ್ಟಗಿದೆಯಾ? ನಿಜವಾದ ಮಾರ್ಬಲ್ ನೋಡಿ. ಗೆರೆ ಒಂದು ಕಡೆ ದಪ್ಪ, ಮುಂದೆ ಹೋಗ್ತಾ ಕೂದಲೆಳೆಯಷ್ಟು ಸಣ್ಣ, ಎಲ್ಲೋ ಕವಲೊಡೆದು ಮಾಯ. ಬೂದು ಬಣ್ಣ ಹಸಿ ಇರುವಾಗಲೇ ಸ್ವಲ್ಪ ನೀರು ಚಿಮುಕಿಸಿ, ಒಣ ಬ್ರಶ್‌ನಲ್ಲಿ ಹಗುರವಾಗಿ ಸವರಿದರೆ ಅಂಚು ಕರಗುತ್ತೆ, ಕಲ್ಲಿನ ಒಳಗಿಂದಲೇ ಬಂದ ಹಾಗೆ ಕಾಣುತ್ತೆ. ಇವನು ಸವರಲೇ ಇಲ್ಲ. ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ, ಸ್ಕೆಚ್ ಪೆನ್ನಲ್ಲಿ ಎಳೆದ ಹಾಗೆ.

ಮೇಲೆ ಹೊಡೆದಿದ್ದು ಬಾಗಿಲಿಗೆ ಹಾಕುವ ಎಣ್ಣೆ ವಾರ್ನಿಶ್. ಬಿಳಿಯ ಮೇಲೆ ಅದು ಹಳದಿಗೆ ತಿರುಗುತ್ತೆ ಅಂತ ಪೇಂಟರ್‌ಗೆ ಗೊತ್ತಿರಲ್ವಾ? ಒಲೆ ಪಕ್ಕ ಆಗಲೇ ತಿರುಗಿದೆ. "ಸಂಜೆಗೇ ಅಡುಗೆ ಮಾಡ್ಕೊಳ್ಳಿ" ಅಂದ. ಮುಟ್ಟಿದರೆ ಒಣಗಿದೆ ಅನ್ನಿಸುತ್ತೆ ಅಷ್ಟೆ, ಪೂರ್ತಿ ಗಟ್ಟಿಯಾಗೋಕೆ ದಿನಗಟ್ಟಲೆ ಬೇಕು.

ಒಲೆ ಪಕ್ಕ ಹಾಳಾದಾಗಲೇ ಫೋನ್ ಮಾಡಿದ್ದೆ, ತಪ್ಪು ನನ್ನದಂತೆ. "ಬಿಸಿ ಪಾತ್ರೆ ಇಟ್ಟಿರ್ತೀರಾ." ಅಡುಗೆ ಕಟ್ಟೆ ಮೇಲೆ ಬಿಸಿ ಪಾತ್ರೆ ಇಡದೆ ಇನ್ನೆಲ್ಲಿ ಇಡಲಿ? ಬಿಸಿ ತಡೆಯಲ್ಲ ಅಂತ ಮೊದಲೇ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಿದ್ದರೆ ದೇವರ ಮನೆ ಗೋಡೆಗೋ ಟೀಪಾಯಿಗೋ ಮಾಡಿಸಿಕೊಳ್ಳುತ್ತಿದ್ದೆ. ಇದೇ ಕಟ್ಟೆ ಮೇಲೆ ನಮ್ಮತ್ತೆ ಇಪ್ಪತ್ತು ವರ್ಷ ಕುದಿಯುವ ಸಾರಿನ ಪಾತ್ರೆ ಇಳಿಸಿದ್ದಾರೆ. ಒಂದು ಕಲೆ ಆಗಿರಲಿಲ್ಲ.

ಮೂರು ಭಾನುವಾರ ಆಯ್ತು, "ಬರ್ತೀನಿ" ಅಂತಾನೆ, ಬರಲ್ಲ. ಬಾಕಿ 2,000ಕ್ಕೆ ಮಾತ್ರ ನಿನ್ನೆ ರಾತ್ರಿ ಅವನೇ ಫೋನ್ ಮಾಡಿದ. ಒಂದು ಪೈಸೆ ಕೊಡಲ್ಲ ಅಂದೆ. ಬಂದು ಬಳಿದಿದ್ದನ್ನೆಲ್ಲ ಕೆರೆದು, ನಮ್ಮತ್ತೆಯ ಕಪ್ಪು ಕಲ್ಲು ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಲಿ, ಆಮೇಲೆ ಮಾತಾಡೋಣ.