ಹದ್ದುಬಸ್ತಿನಲ್ಲಿ ಹದ್ದು

ಯಲಹಂಕದ ವಾಯುನೆಲೆ 1960ರ ದಶಕದ್ದು. ಸಾಗಣೆ ವಿಮಾನಗಳ ಪೈಲಟ್‌ಗಳು ಪಳಗುವ ಜಾಗ. ಡಾರ್ನಿಯರ್, ಎಎನ್-32ಗಳಲ್ಲಿ ಹಾರಲು ಕಲಿಯುವವರು ಅಲ್ಲಿ ಏರುತ್ತಾರೆ, ಇಳಿಯುತ್ತಾರೆ, ಮತ್ತೆ ಏರುತ್ತಾರೆ. ಆ ಸದ್ದಿಗೆ ನಮ್ಮ ಬೀದಿಯ ನಾಯಿಗಳೂ ಕಿವಿ ನಿಮಿರಿಸುವುದನ್ನು ಬಿಟ್ಟಿವೆ. ಆದರೆ 1996ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತದಲ್ಲ, ಬೆಂಗಳೂರಿನ ಆಕಾಶದಲ್ಲಿ ಹದ್ದುಗಳಿವೆ ಎಂಬ ಸಂಗತಿ ಆಡಳಿತಕ್ಕೆ ಹೊಳೆಯುವುದು ಆಗಲೇ.

ಹೊಳೆದದ್ದೇ ತಡ, ಹದ್ದುಗಳನ್ನು ಹದ್ದುಬಸ್ತಿನಲ್ಲಿಡಲು ಪಾಲಿಕೆಯ ಆದೇಶ ಹೊರಡುತ್ತದೆ. 2023ರಲ್ಲಿ ನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಮಾಂಸ, ಮೀನಿನ ಅಂಗಡಿಗಳು ಬಂದ್. 2025ರ ಹೊತ್ತಿಗೆ ಅದು 13 ಕಿಲೋಮೀಟರ್. ಹದ್ದಿನ ರೆಕ್ಕೆಗೆ ಬಲ ಬಂತೋ, ನಕ್ಷೆಯ ಮೇಲೆ ಸಾಹೇಬರ ಕೈವಾರ ಜಾರಿತೋ, ಕೇಳಬಾರದು. ಪ್ರದರ್ಶನ ಐದೇ ದಿನ. ವ್ರತ ಮೂರು ವಾರಕ್ಕೂ ಹೆಚ್ಚು.

ಎಸೆದ ಮಾಂಸಕ್ಕೆ ಹದ್ದು ಬರುವುದು, ಹದ್ದು ಎಂಜಿನ್‌ಗೆ ಸಿಕ್ಕರೆ ಪೈಲಟ್ ಪ್ರಾಣಕ್ಕೆ ಸಂಚಕಾರ ಬರುವುದು, ಎರಡೂ ನಿಜ. ಆದರೆ ಆದೇಶ ಹೋಟೆಲಿನ ಮಾಂಸದಡುಗೆಗೂ ಕೈ ಹಾಕಿತು. ಬಿರಿಯಾನಿಗೆ ಎರಗಬೇಕಾದರೆ ಹದ್ದು ಮೆಟ್ಟಿಲು ಹತ್ತಿ, ಫ್ಯಾನಿನ ಕೆಳಗಿನ ಮೇಜು ಹಿಡಿದು, ಮಾಣಿಯನ್ನು ಕೂಗಬೇಕು.

ಇದಕ್ಕೆಲ್ಲ ಆಧಾರ 1937ರ ವಿಮಾನ ನಿಯಮಾವಳಿಯ 91ನೇ ನಿಯಮ. ವಿಮಾನ ನಿಲ್ದಾಣದ 10 ಕಿಲೋಮೀಟರ್ ಒಳಗೆ ಪ್ರಾಣಿಗಳನ್ನು ಕಡಿಯಬಾರದು, ಕಸವನ್ನೂ ಸುರಿಯಬಾರದು ಎನ್ನುತ್ತದೆ ಅದು. ನಮ್ಮವರು ಅರ್ಧ ಓದುವಷ್ಟರಲ್ಲಿ ಊಟದ ಹೊತ್ತಾಗಿರಬೇಕು.

ನಮ್ಮ ಬೀದಿಯ ಮಟನ್ ಅಂಗಡಿಯ ಷಟರ್ ಮೇಲೆ ನೋಟಿಸು. ಕಡಿಯುವ ಕೊರಡನ್ನು ತೊಳೆದು ಬಿಸಿಲಿಗೆ ಒರಗಿಸಿ, ಅಂಗಡಿಯವರು ಸ್ಟೂಲಿನ ಮೇಲೆ ಕುಳಿತಿದ್ದರು. ಹತ್ತು ಹೆಜ್ಜೆ ಆಚೆ, ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಕಸದ ಗುಡ್ಡೆ: ಹರಿದ ಕಪ್ಪು ಚೀಲ, ಹಳಸಿದ ಅನ್ನ, ಮಗುವಿನ ಡೈಪರ್. ಮೇಲೆ ಜೋಡಿ ಹದ್ದು.

“ಅದಕ್ಕೂ ಒಂದು ನೋಟಿಸು ಅಂಟಿಸಬಹುದಿತ್ತು, ಸರ್,” ಎಂದರು. “ಅಂಟಿಸುವುದಕ್ಕೆ ಬಾಗಿಲಿಲ್ಲವಲ್ಲ” ಎಂದೆ.

ಇದೇ ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಸರ್ಕಾರವೇ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಹಕ್ಕಿ ಒಂದು ಇಲಾಖೆಗೆ ನೆಂಟ, ಇನ್ನೊಂದಕ್ಕೆ ಆರೋಪಿ. ಮೀನಂಗಡಿಗೆ ಬೀಗ ಬಿತ್ತು. ಕೆರೆಯೊಳಗಿನ ಮೀನುಗಳಿಗೆ ನೋಟಿಸು ಜಾರಿಯಾದ ಸುದ್ದಿಯಿಲ್ಲ.

ಇನ್ನು ಕಲಿಯುವ ಪೈಲಟ್‌ಗಳು. ವರ್ಷದ ಉಳಿದ ದಿನಗಳಲ್ಲಿ ಅವರ ಪಾಲಿಗೆ ಇದೇ ಆಕಾಶ, ಇವೇ ಹದ್ದುಗಳು. ಆಗ ನಗರ ನೆಮ್ಮದಿಯಾಗಿ ಕೈಮಾ ಕೊಚ್ಚುತ್ತಿರುತ್ತದೆ. ಗಣ್ಯರು ಕುರ್ಚಿ ಹಾಕಿಸಿಕೊಂಡು ಕತ್ತೆತ್ತಿ ನೋಡಿದಾಗಷ್ಟೇ ಹದ್ದು ಅಪಾಯಕಾರಿ.

ಅಂಗಡಿ ಮತ್ತೆ ತೆರೆದ ಬೆಳಿಗ್ಗೆ ಅರ್ಧ ಕಿಲೋ ಕಟ್ಟಿಸಿಕೊಂಡು ನಿಂತಿದ್ದೆ. ತಲೆಯ ಮೇಲೆ ಡಾರ್ನಿಯರ್ ಒಂದು ಗುರುಗುಟ್ಟುತ್ತಾ ಹೋಯಿತು. ಗುಡ್ಡೆಯ ಮೇಲಿನ ಹದ್ದುಗಳು ಡೈಪರ್ ಬಿಟ್ಟು ಕದಲಲಿಲ್ಲ.