ಅದೇ ಫೋಟೋ ಅಲ್ವಾ?

"ಇದನ್ನ ಹೋದ ಸಲವೂ ತೋರಿಸಿದ್ರಿ ಅಲ್ವಾ?" ಅಂದರು ಗೆಳೆಯರು. ಅವರ ಬೆರಳು ಆಗಲೇ ಮುಂದಿನ ಫೋಟೋಕ್ಕೆ ಜಾರಿತ್ತು. ಹೋದ ಸಲ ತೋರಿಸಿದ್ದು ಬೇಸಿಗೆಯ ಸಮುದ್ರ, ಇದು ಮಳೆಗಾಲದ್ದು. ಬಂಡೆ ಒಂದೇ, ಒಪ್ಪಿದೆ. ಆದರೆ ಅವತ್ತು ನೀರು ಬಂಡೆಯ ಬುಡ ನೆಕ್ಕುತ್ತಿತ್ತು, ಇಲ್ಲಿ ನೆತ್ತಿ ಹತ್ತಿ ಕೂತಿದೆ. ಕಣ್ಣು ಬೇಡವೇ ಮನುಷ್ಯನಿಗೆ? ಹಾಗಂತ ಕೇಳಲಿಲ್ಲ. ಸುಮ್ನೆ ಫೋನ್ ಜೇಬಿಗೆ ಹಾಕಿಕೊಂಡೆ.

ಒಂದೇ ಬಂಡೆಯ ಹತ್ತಿರ ಮತ್ತೆ ಮತ್ತೆ ಯಾಕೆ ಹೋಗುತ್ತೇನೆ ಅಂತ ಹೇಳೋಣ ಎಂದೇ ಬರೆಯಲು ಕೂತೆ. ಅದಕ್ಕೂ ಮೊದಲು ಆ ಮಳೆಗಾಲದ ಫೋಟೋದ ಎಡಮೂಲೆಯ ಮಸುಕು ಚುಕ್ಕೆಯ ಕಥೆ ಹೇಳಿಬಿಡುತ್ತೇನೆ.

ಅವತ್ತು ಗಾಳಿ ಸೀದಾ ಕ್ಯಾಮೆರಾದ ಮುಖಕ್ಕೇ ಬೀಸುತ್ತಿತ್ತು. ಒಂದು ಫೋಟೋ ತೆಗೆದರೆ ಲೆನ್ಸಿನ ಮುಂದೆ ಹಾಕುವ ಗಾಜು, ಅಂದರೆ ಫಿಲ್ಟರ್ ಮೇಲೆ ನಾಲ್ಕು ಹನಿ. ಒರೆಸಿದೆ. ಮತ್ತೊಂದು ಫೋಟೋ, ಮತ್ತೆ ನಾಲ್ಕು ಹನಿ. ಐದನೇ ಸಲಕ್ಕೆ ಬಟ್ಟೆಯೇ ಉಪ್ಪುನೀರು ಕುಡಿದು, ಒರೆಸಿದಷ್ಟೂ ಗಾಜು ಇನ್ನಷ್ಟು ಮಂಜಾಯಿತು. ಕರವಸ್ತ್ರ ತೆಗೆದೆ, ಅದೂ ಒದ್ದೆ. ಅಂಗಿಯ ಅಂಚು ಒದ್ದೆ. ಮೈಮೇಲೆ ಒಣಗಿದ ಹತ್ತಿಬಟ್ಟೆ ಎಲ್ಲಿದೆ ಅಂತ ಹುಡುಕುತ್ತಾ ಹೋದರೆ ಕೊನೆಗೆ ಉಳಿದದ್ದು ಬನಿಯನ್ನಿನ ಬೆನ್ನಿನ ಭಾಗ. ಸಮುದ್ರಕ್ಕೆ ಬೆನ್ನು ಹಾಕಿ, ರೇನ್‌ಕೋಟಿನ ಗುಂಡಿ ಬಿಚ್ಚಿ, ಫಿಲ್ಟರ್ ಹಿಡಿದ ಕೈಯನ್ನು ಹೆಗಲ ಮೇಲಿಂದ ಒಳಗೆ ತೂರಿಸಿದೆ. ಆಗಲೇ ಹಿಂದೆ ಧಡ್ ಅಂತ ಸದ್ದು. ತಿರುಗುವಷ್ಟರಲ್ಲಿ ನೊರೆ ಬಂಡೆಯಿಂದ ಇಳಿಯುತ್ತಿತ್ತು. ಆ ಸಂಜೆಯ ಅತಿ ದೊಡ್ಡ ಅಲೆ ಅದೇ. ಅದು ಬಂದಾಗ ನಾನು ಬೆನ್ನು ಕೆರೆದುಕೊಳ್ಳುವವನ ಭಂಗಿಯಲ್ಲಿದ್ದೆ.

ಅದರ ನಂತರದ ಸ್ವಲ್ಪ ಚಿಕ್ಕ ಅಲೆಯದ್ದೇ ಈ ಫೋಟೋ. ಒರೆಸಿದರೂ ಒಂದು ಹನಿ ಉಳಿದುಬಿಟ್ಟಿತ್ತು. ಅಂದಹಾಗೆ, ಒಣಗಿದ ಉಪ್ಪನ್ನು ಹಾಗೇ ಉಜ್ಜಬಾರದು, ಗಾಜಿನ ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ಸಿಹಿನೀರಲ್ಲಿ ತೊಳೆಯಬೇಕು. ಇದನ್ನೂ ಒಂದು ಫಿಲ್ಟರ್ ಹಾಳು ಮಾಡಿಕೊಂಡೇ ಕಲಿತೆ.

ಇನ್ನು ಮತ್ತೆ ಮತ್ತೆ ಹೋಗುವುದು ಯಾಕೆ ಅಂದರೆ, ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಸೂರ್ಯ ಹಾಗೆ ಮಾಡುವುದಿಲ್ಲ. ಹಾಗಾಗಿ ತುಂಬಿದ ನೀರೂ ಸಂಜೆಯ ಬೆಳಕೂ ಒಟ್ಟಿಗೆ ಸಿಗುವುದು ತಿಂಗಳಲ್ಲಿ ಕೆಲವೇ ದಿನ. ಆ ದಿನ ಸರಿಯಾಗಿ ಮೋಡ ಕವಿದು ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಗೆಳೆಯರಿಗೆ ಈ ತಾಪತ್ರಯವೇ ಇಲ್ಲ. ಫೋನಿನಲ್ಲೇ ಕೆಂಪು ಆಕಾಶವೊಂದನ್ನು ತಂದು ಅಂಟಿಸುತ್ತಾರೆ. ನಾನು ಮುಖ ಸಿಂಡರಿಸಿದರೆ, ಫ್ರಾನ್ಸಿನ ಫೋಟೋಗ್ರಾಫರ್ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಇದನ್ನು ಮಾಡಿಲ್ಲವೇ ಅನ್ನುತ್ತಾರೆ. ಮಾಡಿದ್ದು ನಿಜ. ಆಗ ಫೋಟೋ ಮೂಡಿಸುತ್ತಿದ್ದ ಗಾಜಿನ ಪ್ಲೇಟಿಗೆ ನೀಲಿ ಬೆಳಕೆಂದರೆ ವಿಪರೀತ ಸೆಳೆತ. ಸಮುದ್ರ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬರೀ ಬಿಳಿಯಾಗುತ್ತಿತ್ತು. ಅದಕ್ಕೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಅಚ್ಚು ಹಾಕಿದ. ಅವನಿಗೆ ಬೇರೆ ದಾರಿ ಇರಲಿಲ್ಲ ಸ್ವಾಮೀ, ನಿಮಗಿರುವುದು ಸೋಮಾರಿತನ. ಇದನ್ನು ಮಾತ್ರ ಸ್ವಲ್ಪ ಜಾಸ್ತಿಯೇ ಜೋರಾಗಿ ಅಂದುಬಿಟ್ಟೆ.

ಹಾಂ, ಬಂಡೆಯ ವಿಷಯ. ಮೊನ್ನೆ ಅವರು ಬಂದಾಗ ಬೇಸಿಗೆಯದನ್ನೂ ಮಳೆಗಾಲದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಕನ್ನಡಕ ಏರಿಸಿ, ಹಿಗ್ಗಿಸಿ, ತುಂಬ ಹೊತ್ತು ನೋಡಿದರು. ನನಗೂ ಆಸೆ ಹುಟ್ಟಿತು.

"ಹೌದು ಕಣ್ರೀ, ಬೇರೆನೇ" ಅಂದರು. "ಇದರಲ್ಲಿ ಎಡಗಡೆ ಮೂಲೇಲಿ ಏನೋ ಕೊಳೆ ಇದೆ ನೋಡಿ."