ಮನೆ ಮಾಲೀಕನ ಭಾನುವಾರ

ಮುಂಬಯಿಯಲ್ಲಿ ಮನೆ ರಿಪೇರಿಗೆ ಕೈ ಹಾಕಿದವನಿಗೆ ಬಲುಬೇಗ ತಿಳಿಯುವ ಸಂಗತಿಯೆಂದರೆ, ಆ ಮನೆಗೆ ಹೋಗಿಬರಲು ಊರಿನವರಿಗೆಲ್ಲ ಹೊತ್ತಿದೆ, ಅವನೊಬ್ಬನಿಗಿಲ್ಲ. ಹೆಚ್ಚಿನ ಸೊಸೈಟಿಗಳಲ್ಲಿ ಕೆಲಸ ಬೆಳಿಗ್ಗೆ 10ರಿಂದ ಸಂಜೆ 6. ಮಧ್ಯಾಹ್ನ 2ರಿಂದ 4 ಸುತ್ತಿಗೆಯ ಸದ್ದು ಕೇಳಿಸಬಾರದು. ಭಾನುವಾರವಂತೂ ಕೂಲಿಯ ಬಿಗಾರಿಗಳನ್ನು ವಾಚ್‌ಮನ್ ಗೇಟಿನಲ್ಲೇ ತಡೆಯುತ್ತಾನೆ. ಡೊಂಬಿವಲಿಯಿಂದ ಫೋರ್ಟಿನ ಆಫೀಸಿಗೆ ಲೋಕಲ್ ಹಿಡಿಯುವ ಮಾಲೀಕ ಹೊರಡುವಾಗ ಮಿಸ್ತ್ರಿ ಬಂದಿರುವುದಿಲ್ಲ, ಮರಳುವಾಗ ಹೋಗಿ ಆಗಿರುತ್ತದೆ. ಉಳಿಯುವುದು ಭಾನುವಾರ. ಸಂಸಾರ ಸಮೇತ ಹೋಗಿ, ಉತ್ತರ ಹೇಳಲು ಒಂದು ನರಪಿಳ್ಳೆಯೂ ಇಲ್ಲದ ಮನೆಯಲ್ಲಿ ಸಿಮೆಂಟು ಚೀಲದ ಮೇಲೆ ಕೂತು, "ಈ ಲಾದಿಯ ಬಣ್ಣ ಅಂಗಡಿಯಲ್ಲಿ ಹೀಗಿತ್ತೇನ್ರೀ?" ಎಂಬ ಪ್ರಶ್ನೆ ಎದುರಿಸಿ ಬರುವುದು.

ಲಾದಿಯ, ಅಂದರೆ ಟೈಲ್ಸಿನ, ಬಣ್ಣ ನಾಳೆಯೂ ಕಾಣುತ್ತದೆ, ಹತ್ತು ವರ್ಷದ ಮೇಲೂ ಕಾಣುತ್ತದೆ. ರಿಪೇರಿಯ ಕೆಲಸವೆಲ್ಲ ಒಂದರ ಮೇಲೊಂದು ಮುಚ್ಚುತ್ತಾ ಹೋಗುವುದೇ: ಪೈಪಿನ ಮೇಲೆ ಪ್ಲಾಸ್ಟರ್, ವಾಟರ್‌ಪ್ರೂಫಿಂಗ್ ಮೇಲೆ ಲಾದಿ, ವೈರಿನ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಪ್ಲೈವುಡ್ಡಿನ ಮೇಲೆ ಲ್ಯಾಮಿನೇಟ್. ರಜೆ ಹಾಕಿದರೆ ಮುಚ್ಚುವುದರ ಹಿಂದಿನ ದಿನ ಹಾಕಬೇಕು. ಕಾಂಟ್ರಾಕ್ಟರಿಗೆ "ಯಾವಾಗ ಮುಗಿಯುತ್ತೆ?" ಎಂದು ಕೇಳಿದರೆ ಸಿಗುವ ಉತ್ತರ "ಹೋ ಜಾಯೇಗಾ, ಸೇಠ್". "ಯಾವತ್ತು ಮುಚ್ತೀರಿ?" ಎಂದು ಕೇಳಿ ನೋಡಿ, ತಾರೀಕು ಬಾಯಿಗೆ ಬರುತ್ತದೆ.

ಬಾತ್‌ರೂಮಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಸೊಸೈಟಿಯ ಜಗಳಗಳು ಹುಟ್ಟುವುದೇ ಅಲ್ಲಿ. ವಾಟರ್‌ಪ್ರೂಫಿಂಗ್ ಲೇಪ ಒಣಗಿದ ಮೇಲೆ, ಲಾದಿ ಕೂರಿಸುವ ಮೊದಲು, ನಹಾನಿಯ, ಅಂದರೆ ನೀರು ಹರಿದುಹೋಗುವ ಕಿಂಡಿಯ, ಬಾಯಿ ಬಿಗಿಯಾಗಿ ಕಟ್ಟಿ, ಬಾಗಿಲ ಬಳಿ ಇಟ್ಟಿಗೆ-ಗಾರೆಯ ಪುಟ್ಟ ಕಟ್ಟೆ ಹಾಕಿ, ಎರಡು ಇಂಚು ನೀರು ನಿಲ್ಲಿಸಬೇಕು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ. ಕನಿಷ್ಠ 24 ಗಂಟೆ, 48 ಆದರೆ ಇನ್ನೂ ಒಳ್ಳೆಯದು. ಗೆರೆ ನೋಡಿದರೆ ಅರ್ಧ ಪರೀಕ್ಷೆ ಅಷ್ಟೆ. ಇನ್ನರ್ಧ ಕೆಳಗಿನ ಮನೆಯ ಸೀಲಿಂಗಿನಲ್ಲಿದೆ. ಸ್ವಂತ ಮನೆಗೆ ಹೋಗಲು ಪುರುಸೊತ್ತಿಲ್ಲದವನು ಈಗ ಕೆಳಗಿನವರ ಬಾತ್‌ರೂಮಿಗೆ ಪ್ರವೇಶ ಕೇಳಬೇಕು! ಮೂರು ವಾರದಿಂದ ಸುತ್ತಿಗೆ ಸದ್ದು ಕೇಳಿದವರು ಸುಲಭಕ್ಕೆ ಬಾಗಿಲು ತೆಗೆಯುವುದಿಲ್ಲ. ಒಡೆಯುವ ಕೆಲಸ ಶುರುವಾಗುವ ಮೊದಲೇ ಹೋಗಿ ಮಾತಾಡಿ, ಸೀಲಿಂಗಿನಲ್ಲಿ ಹಳೇ ಕಲೆಗಳಿದ್ದರೆ ಅವರೆದುರೇ ಫೋಟೋ ತೆಗೆದಿಟ್ಟುಕೊಂಡವರು ಜಾಣರು.

ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಹುದುಗುವ ಡೈವರ್ಟರ್ ಇನ್ನೊಂದು ತಲೆನೋವು. ಗಾರೆ ಮತ್ತು ಲಾದಿಯ ದಪ್ಪ ಲೆಕ್ಕ ಹಾಕಿ, ಅದರ ಮುಚ್ಚಳದ ಮೇಲಿನ ಕನಿಷ್ಠ-ಗರಿಷ್ಠ ಗುರುತುಗಳ ನಡುವೆ ಲಾದಿಯ ಮುಖ ಬರುವಂತೆ ಕೂರಿಸಬೇಕು. ಆಳವಾದರೆ ಹಿಡಿಕೆಗೆ ಎಕ್ಸ್‌ಟೆನ್ಷನ್ ಹುಡುಕಬೇಕು, ಮೇಲಾದರೆ ಮುಖದ ತಟ್ಟೆ ಗೋಡೆಗೆ ಅಂಟಿ ಕೂರುವುದಿಲ್ಲ. ಅಂದರೆ ನಲ್ಲಿ-ಶವರ್ ಪ್ಲಂಬರ್ ಬರುವ ಮೊದಲೇ ಮನೆಗೆ ಬಂದಿರಬೇಕು. ಮಾಲೀಕರೋ ಅದನ್ನು ಕೊನೆಗೆ ಆರಿಸುವ ಶೋಕಿ ಎಂದುಕೊಂಡಿರುತ್ತಾರೆ. ಕೆಲಸ ತಡವಾಯಿತೆಂದು ಬೈಯಿಸಿಕೊಳ್ಳುವ ಕಾಂಟ್ರಾಕ್ಟರುಗಳಲ್ಲಿ ಎಷ್ಟೋ ಮಂದಿ ನಿಜಕ್ಕೂ ಮಾಲೀಕರ ತೀರ್ಮಾನಕ್ಕೆ ಕಾಯುತ್ತಿರುತ್ತಾರೆ. ಹೇಳಿದರೆ ಗಿರಾಕಿ ಮುನಿಸಿಕೊಳ್ಳುತ್ತಾನೆಂದು ಸುಮ್ಮನಿರುತ್ತಾರೆ, ಅಷ್ಟೆ.

ವೈರಿನದು ಅಷ್ಟು ಕಷ್ಟವಿಲ್ಲ. ತಂತಿಯ ದಪ್ಪ ದೀಪಕ್ಕೆ 1.5, ಪ್ಲಗ್ಗಿಗೆ 2.5, ಎಸಿ ಮತ್ತು ಗೀಸರಿಗೆ 4 ಚದರ ಮಿಲಿಮೀಟರ್. ಸುರುಳಿಯ ಮೇಲೆ ಬರೆದಿರುತ್ತದೆ. ಗೋಡೆ ಮುಚ್ಚುವ ಮೊದಲು ಅಳತೆಯ ಟೇಪು ಹಿಡಿದು ಫೋಟೋ ತೆಗೆದುಕೊಂಡರೆ ಮುಂದೆ ಮೊಳೆ ಹೊಡೆಯುವವನು ಬದುಕಿಕೊಂಡ. ಪ್ಲೈವುಡ್ ಹಾಳೆಯ ಮೇಲೆ ನೀರು ತಡೆಯುವ ಮೆರೈನ್ ಪ್ಲೈವುಡ್ಡಿನ ಗುರುತಾದ ಐಎಸ್ 710 ಎಂಬ ಮುದ್ರೆಯಿದೆಯೇ ಎಂದು ಲ್ಯಾಮಿನೇಟ್ ಅಂಟುವ ಮುನ್ನವೇ ನೋಡಬೇಕು. ಅಡಿಗೆಮನೆಯ ಸಿಂಕಿನ ಕೆಳಗಾದರೂ ಇದು ಬೇಕು.

ಹೋದಾಗ ಮಾತಾಡುವುದು ಯಾರ ಹತ್ತಿರ? ಸುತಾರನ (ಬಡಗಿಯ) ಹತ್ತಿರ ಅಲ್ಲ. "ಈ ಕಪಾಟಿನ ಶಟರ್ ಸ್ವಲ್ಪ ಆ ಕಡೆ ಸರಿಸು ಭಯ್ಯಾ" ಎಂದರೆ ಅವನು ಸರಿಸುತ್ತಾನೆ, ಪಾಪ, ಮಾಲೀಕರ ಮಾತು. ಸಂಜೆ ಕಾಂಟ್ರಾಕ್ಟರ್ ಬಂದು ಡ್ರಾಯಿಂಗ್ ನೋಡಿ ಹಿಂದಕ್ಕೆ ಸರಿಸುತ್ತಾನೆ. ಬಿಲ್ಲಿನಲ್ಲಿ ಎರಡು ದಿನದ ಹೆಚ್ಚುವರಿ ಕೂಲಿ. ಬದಲಾವಣೆ ಏನಿದ್ದರೂ ಕಾಂಟ್ರಾಕ್ಟರಿಗೇ ಹೇಳಿ, ಚದರಡಿಗೆ ಎಷ್ಟು, ಎಷ್ಟು ದಿನ ಹೆಚ್ಚು ಎಂದು ವಾಟ್ಸಾಪಿನಲ್ಲಿ ಬರೆಸಿಕೊಂಡ ಮೇಲೇ ಕೆಲಸ. ಸುತಾರನಿಗೆ ಚಹಾ ಕೊಟ್ಟರೆ ಸಾಕು, ಅಭಿಪ್ರಾಯ ಬೇಡ.

ಇನ್ನು ಬೀಗದ ಕೈ. ಒಳ್ಳೆಯ ಲ್ಯಾಚ್ ಬಿಚ್ಚಿಟ್ಟು, ಕೆಲಸ ಮುಗಿಯುವವರೆಗೆ ಮೂರು ಕೈಗಳಿರುವ ಸಾದಾ ಬೀಗ ಹಾಕಬೇಕು. ಒಂದು ಕಾಂಟ್ರಾಕ್ಟರಿಗೆ, ಒಂದು ತನಗೆ. ಮೂರನೆಯದು ಅದೇ ಕಟ್ಟಡದಲ್ಲಿ ಇರುವವರಿಗೆ. ಕಾರಣ ನೀರು. ಮುಂಬಯಿಯ ಎಷ್ಟೋ ಕಟ್ಟಡಗಳಲ್ಲಿ ಮನೆಗೆ ನೀರು ಬಿಡುವುದು ದಿನಕ್ಕೆ ಕೆಲವೇ ಗಂಟೆ. ಸಂಜೆ ಕೈ ತೊಳೆಯಲು ಗಾರೆ ಕೆಲಸದ ಕಡಿಯಾ ನಲ್ಲಿ ತಿರುಗಿಸುತ್ತಾನೆ, ನೀರಿಲ್ಲ, ತಿರುಗಿಸಿದ್ದನ್ನು ಹಾಗೆಯೇ ಬಿಟ್ಟು ಹೋಗುತ್ತಾನೆ. ನಹಾನಿಯಲ್ಲಿ ಸಿಮೆಂಟಿನ ಕೆಸರು ಕಟ್ಟಿರುತ್ತದೆ. ಬೆಳಗಿನ ಜಾವ ನೀರು ಬಂದಾಗ ಮನೆಗೆ ಬೀಗ, ಕಾಂಟ್ರಾಕ್ಟರ್ ದೂರದ ನಾಲಾಸೊಪಾರಾದಲ್ಲಿ, ಮಾಲೀಕ ಬಾಡಿಗೆ ಮನೆಯಲ್ಲಿ ನಿದ್ದೆಯಲ್ಲಿ. ದಿನಾ ಹೊರಡುವಾಗ ಮುಖ್ಯ ವಾಲ್ವ್ ಮುಚ್ಚುವವನು ಯಾರೆಂದು ಹೆಸರು ಹಿಡಿದು ಒಬ್ಬನನ್ನು ಗೊತ್ತುಮಾಡಿರಬೇಕು. ಎಲ್ಲರಿಗೂ ಹೇಳಿದ್ದನ್ನು ಯಾರೂ ಮಾಡುವುದಿಲ್ಲ.

ಕೆಲಸದವರೆಲ್ಲ ಹೋದ ಮೇಲೆ ರಾತ್ರಿ ಹೋಗಿ ನೋಡುವುದೂ ಪೂರ್ತಿ ದಂಡವಲ್ಲ. ಪುಟ್ಟಿ ಹಚ್ಚಿದ ಗೋಡೆಗೆ ಮೊಬೈಲಿನ ಟಾರ್ಚನ್ನು ತಾಗಿಸಿದಂತೆ ಹಿಡಿದರೆ ಹಗಲಿನಲ್ಲಿ ಕಾಣದ ಉಬ್ಬುತಗ್ಗುಗಳೆಲ್ಲ ನೆರಳು ಬಿಡುತ್ತವೆ. ಪೆನ್ಸಿಲಿನಿಂದ ಸುತ್ತು ಹಾಕಿ ಬರಬಹುದು, ಬಣ್ಣದವನು ಬೆಳಿಗ್ಗೆ ಉಜ್ಜುತ್ತಾನೆ. ಭಾನುವಾರದ ಸಂಸಾರದ ಭೇಟಿಗಿಂತ ಈ ಹತ್ತು ನಿಮಿಷ ಹೆಚ್ಚು ಬೆಲೆಯದು.

ಕೊನೆಯ ಕಂತಿನಲ್ಲಿ ಒಟ್ಟು ಮೊತ್ತದ ಶೇಕಡಾ 5ರಿಂದ 10 ಉಳಿಸಿಕೊಂಡು, ಬಿಟ್ಟುಹೋದ ಸಣ್ಣಪುಟ್ಟ ಕೆಲಸಗಳ ಪಟ್ಟಿ ಮುಗಿದ ಮೇಲೆ ಕೊಡುವುದು ರೂಢಿ. ಇದನ್ನು ಮೊದಲ ದಿನವೇ ಹೇಳಿರಬೇಕು, ಕೊನೆಗೆ ಹೇಳಿದರೆ ಜಗಳ. ಕಟ್ಟಡಕ್ಕೆ ಹಾನಿಯಾದರೆ ಮುರಿದುಕೊಳ್ಳಲೆಂದು ಸೊಸೈಟಿಯಲ್ಲಿಟ್ಟ ಡಿಪಾಜಿಟ್ ಬೇರೆ ಇದೆ. ಎಂಟು ಅಡಿಯ ಪ್ಲೈವುಡ್ ಹಾಳೆ ಹಳೇ ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲಲ್ಲೇ ಏರುತ್ತದೆ, ಒಡೆದ ಗೋಡೆ-ಲಾದಿಯ ಚೂರಿನ ರಾಬಿಟ್ ಚೀಲಗಳು ಅಲ್ಲೇ ಇಳಿಯುತ್ತವೆ, ತಿರುವಿನ ಗೋಡೆ ಕೆತ್ತಿಹೋಗಿರುತ್ತದೆ. ಆ ಕೆತ್ತು ನಿಮ್ಮದೋ, ಹೋದ ವರ್ಷ ಮೇಲಿನ ಮಹಡಿಯವರು ಮಾಡಿದ್ದೋ ಎಂದು ಸೆಕ್ರೆಟರಿ ಕೇಳಿದಾಗ ತೋರಿಸಲು, ಮೊದಲ ಚೀಲ ಇಳಿಯುವ ಮುನ್ನ ತೆಗೆದ ಮೆಟ್ಟಿಲಿನ ಫೋಟೋ ಬೇಕು.